ಮೂರೂಕಾಲು ಗಂಟೆಯ ಬಾತುಕೋಳಿ

ಮಂಚ, ಸೋಫಾ ಮಾರುವ ಅಂಗಡಿಯವನು ಟೇಪು ಹಿಡಿದು ನಮ್ಮ ಥಿಯೇಟರಿನ ಚಿಕ್ಕ ಹಾಲನ್ನು ಅಳೆಯಲು ಬಂದದ್ದು ಬೇಸಿಗೆ ರಜೆಯ ಒಂದು ಸೋಮವಾರ, ಬೆಳಗಿನ ಆಟಕ್ಕೂ ಮುಂಚೆ. ಜಿ ಸಾಲಿನ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಿಂದ ಮೇಲಿಂದ ಕೆಳಗೆ ಒಂದು ದಪ್ಪ ಗೆರೆ ಎಳೆದ. ಇಲ್ಲಿಂದ ಮುಂದಕ್ಕೆ ಸೋಫಾ, ಹಿಂದಕ್ಕೆ ಮಂಚ ಎಂದು ನಮ್ಮ ಯಜಮಾನರಿಗೆ ಕೈ ಬೀಸಿ ತೋರಿಸಿದ. ಆ ಥಿಯೇಟರಿನ ಮ್ಯಾನೇಜರ್ ನಾನು. ಬಾಗಿಲ ಬಳಿ ನಿಂತು ಕೈಯಲ್ಲಿದ್ದ ಟಾರ್ಚನ್ನು ಸುಮ್ಮನೆ ಹತ್ತಿಸುತ್ತಾ ಆರಿಸುತ್ತಾ ಇದ್ದೆ.

ತಮಿಳುನಾಡಿನ ಗಡಿಯೂರು ಹೊಸೂರಿನ ನಮ್ಮ ಥಿಯೇಟರಿನಲ್ಲಿ ಎರಡು ಹಾಲುಗಳಿವೆ. ದೊಡ್ಡದು ಹೀರೋಗಳದ್ದು. ಅಲ್ಲಿ ಮೊದಲ ದಿನ ಕಟೌಟಿಗೆ ಕ್ಷೀರಾಭಿಷೇಕ, ಪಟಾಕಿ, ಪೊಲೀಸು ಎಲ್ಲ ಇರುತ್ತದೆ. ಚಿಕ್ಕದರಲ್ಲಿ ನೂರಾ ಅರವತ್ತು ಸೀಟು. ಅಲ್ಲಿಗೆ ದೊಡ್ಡ ಹಾಲಿನಲ್ಲಿ ಓಡಿ ಸುಸ್ತಾದ ಸಿನಿಮಾಗಳು ಬರುತ್ತವೆ. ಆದರೆ ಆ ಚಿಕ್ಕ ಹಾಲಿನ ಸೀಟುಗಳಿಗೆ ಹೊಸ ಬಟ್ಟೆ ಹೊಲಿಸಿದವಳು ನಾನು. ಹೆಂಗಸರ ಶೌಚಾಲಯಕ್ಕೆ ಜಗಳ ಮಾಡಿ ಹೊಸ ನಲ್ಲಿ ಹಾಕಿಸಿದವಳೂ ನಾನೇ. ಅಲ್ಲಿ ಮಂಚ ಹಾಕುತ್ತಾರೆಂದರೆ ಹೇಗೆ ಸುಮ್ಮನಿರಲಿ?

ಯಜಮಾನರು ಕೆಟ್ಟವರಲ್ಲ. ಅವರಿಗೆ ಖಾಲಿ ಸೀಟು ನೋಡಿದರೆ ಆಗುವುದಿಲ್ಲ, ಅಷ್ಟೇ.

"ನಾಕು ಜನ ಕೂತ್ಕಳೋ ಹಾಲಿಗೆ ಏಸಿ ಹಾಕ್ಕೊಂಡು ಕಾಯ್ಬೇಕಾ ನಾನು, ಹೇಳಮ್ಮ" ಎಂದರು. "ಅವ್ನು ಮಂಚ ಹಾಕ್ತಾನಂತೆ, ಹಾಕ್ಲಿ ಬಿಡು."

"ಸ್ಕೂಲು ರಜ ಐತಲ್ಲ ಸಾರ್. ಈ ಶುಕ್ರವಾರ ಬೊಂಬೆ ಸಿನಿಮಾ ಬತ್ತಾ ಐತೆ, ಎರಡ್ನೇ ಭಾಗ. ಹತ್ತು ದಿನ ಆ ಹಾಲು ನಂಗ್ ಬಿಡಿ. ತುಂಬ್ಲಿಲ್ಲ ಅಂದ್ರೆ ಸೀಟು ನಾನೇ ನಿಂತು ಬಿಚ್ಚಿಸ್ತೀನಿ."

"ಬೊಂಬೆ ಸಿನಿಮಾನಾ? ಅದ್ನ ಯಾರಮ್ಮ ನೋಡ್ತಾರೆ?"

"ಮಕ್ಳು ಒಬ್ಬೊಬ್ರೇ ಬರಾಕಾಯ್ತದಾ? ಒಂದ್ ಮಗ ಬಂದ್ರೆ ಹಿಂದೆ ಮೂರು ಜನ ಬತ್ತಾರೆ."

ಯಜಮಾನರು ಗೆರೆಯನ್ನು ನೋಡಿದರು, ನನ್ನನ್ನು ನೋಡಿದರು, ಅಂಗಡಿಯವನಿಗೆ ಹತ್ತು ದಿನ ತಡಿ ಎಂದರು. ಶುಕ್ರವಾರದಿಂದ ಅದರ ಮುಂದಿನ ವಾರದ ಭಾನುವಾರದವರೆಗೆ. ಗೆರೆಯನ್ನು ಮಾತ್ರ ಒರೆಸಬೇಡ ಎಂದು ಅವನು ಹೇಳಿ ಹೋದ.

ನನಗೆ ಧೈರ್ಯ ಇತ್ತು. ಕಂಪ್ಯೂಟರಿನಲ್ಲಿ ಮಾಡಿದ ಈ ಬೊಂಬೆ ಸಿನಿಮಾಗಳ ವಿಷಯದಲ್ಲಿ ಟಿಕೆಟ್ ಕಿಟಕಿಯ ಹಿಂದೆ ಕೂತವರಿಗೆ ಗೊತ್ತಿರುವುದು ವಿಮರ್ಶೆ ಬರೆಯುವವರಿಗೆ ಗೊತ್ತಿರುವುದಿಲ್ಲ. ಬೇರೆ ಸಿನಿಮಾಕ್ಕೆ ಬರುವ ಹೆಂಗಸರು ಕಿಟಕಿಯಲ್ಲಿ ಬಗ್ಗಿ, ಕುಡಿಯೋ ಸೀನು ಎಷ್ಟಿದೆ, ಕತ್ತಿ ಎಷ್ಟಿದೆ, ಮಾವನವರ ಜೊತೆ ಕೂತು ನೋಡಬಹುದಾ ಎಂದು ಮೆಲ್ಲಗೆ ಕೇಳುತ್ತಾರೆ. ಇದಕ್ಕೆ ಯಾರೂ ಏನೂ ಕೇಳುವುದಿಲ್ಲ. ಅಪ್ಪಂದಿರು ಮಕ್ಕಳಿಗೋಸ್ಕರ ಬಂದೆ ಎಂದು ಮುಖ ಗಂಟು ಹಾಕಿಕೊಂಡೇ ಒಳಗೆ ಹೋಗಿ, ಮಕ್ಕಳಿಗಿಂತ ಮೊದಲು ನಗುತ್ತಾರೆ. ಇಂಟರ್ವಲ್ಲಿನಲ್ಲಿ ಕಣ್ಣು ಒರೆಸಿಕೊಂಡು ಬಂದ ಗಂಡಸರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಏಸಿ ಜಾಸ್ತಿಯಾಯಿತು ಎನ್ನುತ್ತಾರೆ.

ಎರಡನೇ ಭಾಗ ಎಂದರಂತೂ ಅರ್ಧ ಕೆಲಸ ಮುಗಿದ ಹಾಗೆ. ದೊಡ್ಡವರು ಹೊಸದು ಬೇಕು, ಹೊಸದು ಬೇಕು ಎನ್ನುತ್ತಾರೆ. ಮಕ್ಕಳಿಗೆ ಹೊಸದು ಬೇಡ. ಹೋದ ಸಲ ಪರಿಚಯವಾದವರು ಈಗ ಹೇಗಿದ್ದಾರೆ ಎಂದು ತಿಳಿಯಬೇಕು. ಈ ಸಿನಿಮಾದ ಮೊದಲ ಭಾಗದಲ್ಲಿ ಹಿಮದ ಬೆಟ್ಟದ ಮೇಲೆ ಮೈತುಂಬ ಕೂದಲಿರುವ ಒಂದು ಚಮರೀಮೃಗದ ಕರು ತಾಯಿಯಿಂದ ತಪ್ಪಿಹೋಗುತ್ತದೆ. ಹಾರಲು ಬಾರದ, ಬಾಯಿ ಮಾತ್ರ ಜೋರಿರುವ ಬಾತುಕೋಳಿಯೊಂದು ಬೈಯುತ್ತಾ ಬೈಯುತ್ತಾ ಅದನ್ನು ಮನೆ ಸೇರಿಸುತ್ತದೆ. ಕೊನೆಗೂ ಬಾತುಕೋಳಿ ಹಾರುವುದಿಲ್ಲ, ನಡೆದೇ ಹೋಗುತ್ತದೆ. ಅದನ್ನು ನಮ್ಮ ಕಡೆಯ ಮಕ್ಕಳು ಟಿವಿಯಲ್ಲಿ ಎಷ್ಟು ಸಲ ನೋಡಿದ್ದರೋ ದೇವರಿಗೇ ಗೊತ್ತು. ಪೋಸ್ಟರ್ ಅಂಟಿಸಿದ ದಿನದಿಂದ ಕಿಟಕಿಯಲ್ಲಿ ಒಂದೇ ಪ್ರಶ್ನೆ: ಈ ಭಾಗದಲ್ಲಾದರೂ ಅದು ಹಾರುತ್ತದಾ? ಬಂದು ನೋಡು ಎನ್ನುತ್ತಿದ್ದೆ. ನನಗೂ ಗೊತ್ತಿರಲಿಲ್ಲ.

ಮೊದಲು ಆಟದ ಹೊತ್ತು ಸರಿ ಮಾಡಿದೆ. ಎಲ್ಲ ಕಡೆ ಮಧ್ಯಾಹ್ನದ ಆಟ ಎರಡೂವರೆಗೆ. ಇಲ್ಲಿನ ಫ್ಯಾಕ್ಟರಿಗಳಲ್ಲಿ ಮೊದಲ ಶಿಫ್ಟು ಬಿಡುವುದೇ ಎರಡೂವರೆಗೆ. ಅಪ್ಪ ಗೇಟಿನಿಂದ ಹೊರಗೆ ಬರುವಾಗ ಇಲ್ಲಿ ಸಿನಿಮಾ ಶುರುವಾಗಿರುತ್ತದೆ. ಇನ್ನು ಸಂಜೆಯ ಆಟ ಊರೊಳಗಿನವರಿಗೆ ಸರಿ, ತಳಿ, ಜವಳಗಿರಿ ಕಡೆಯವರಿಗೆ ಆಗುವುದಿಲ್ಲ. ನಾನು ಹುಟ್ಟಿದ್ದು ಆ ರಸ್ತೆಯ ಹಳ್ಳಿಯಲ್ಲೇ. ಕತ್ತಲಾದ ಮೇಲೆ ಆ ಕಾಡಿನ ರಸ್ತೆಯಲ್ಲಿ ಆನೆ ನಿಂತಿರುತ್ತದೆ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಯಾರು ಹೋಗುತ್ತಾರೆ? ಐದೂಕಾಲರ ಬಸ್ಸು ಹಿಡಿದರೆ ಬೆಳಕಿರುವಾಗಲೇ ಮನೆ ಸೇರಬಹುದು. ಹಾಗಾಗಿ ಮೂರೂಕಾಲಿಗೆ ಆಟ ಇಟ್ಟೆ. ಸಿನಿಮಾ ಒಂದೂವರೆ ಗಂಟೆ, ಜಾಹೀರಾತು ಇಲ್ಲ, ಇಂಟರ್ವಲ್ ಹತ್ತೇ ನಿಮಿಷ. ಐದಕ್ಕೆ ಎಲ್ಲರೂ ಬೀದಿಯಲ್ಲಿ.

ಆಮೇಲೆ ಭಾಷೆ. ಇಲ್ಲಿ ನಾನು ಎಡವಿದೆ.

ಸಿನಿಮಾ ತಮಿಳು, ತೆಲುಗು, ಕನ್ನಡ ಎಲ್ಲದರಲ್ಲೂ ಬರುತ್ತಿತ್ತು. ಹೊಸೂರಿನಲ್ಲಿ ಬೊಂಬೆ ಸಿನಿಮಾವನ್ನು ಕನ್ನಡದಲ್ಲಿ ಯಾರೂ ಹಾಕಿರಲಿಲ್ಲ. ನಮ್ಮ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಫ್ಯಾಕ್ಟರಿ ಕೆಲಸಕ್ಕೆಂದು ಬಂದು ನೆಲೆಸಿದ ಎಷ್ಟೋ ಮನೆಗಳಲ್ಲೂ ಕನ್ನಡವೇ. ನಮ್ಮ ಮಕ್ಕಳು ನಮ್ಮ ಮಾತಿನಲ್ಲಿ ನೋಡಲಿ ಎಂದು ಬೆಂಗಳೂರಿನ ವಿತರಕರಿಗೆ ಮೇಲ್ ಹಾಕಿ ಕನ್ನಡವನ್ನೇ ತರಿಸಿದೆ. ನಮ್ಮ ಪ್ರೊಜೆಕ್ಟರ್ ಆಪರೇಟರ್ ತೆಲುಗಿನವರು, ರೀಲಿನ ಕಾಲದಿಂದ ಇದ್ದವರು. ಅವರು ಅವತ್ತೇ ತಲೆ ಕೆರೆದುಕೊಂಡು, "ಏಮಮ್ಮಾ, ಯಾರ್ನಾದ್ರೂ ಕೇಳಿದ್ಯಾ?" ಎಂದರು. ಕೇಳುವುದೇನಿದೆ ಎಂದುಬಿಟ್ಟೆ.

ಶುಕ್ರವಾರ ಮೂರೂಕಾಲರ ಆಟಕ್ಕೆ ಇಪ್ಪತ್ತಮೂರು ಜನ. ಮೊದಲ ದಿನ, ಇರಲಿ ಎಂದುಕೊಂಡು ಹಿಂದೆ ನಿಂತೆ. ಕರು ಬಂತು, ಹಿಮ ಬಂತು, ಬಾತುಕೋಳಿ ಬಂದು ಬಾಯಿ ತೆರೆಯಿತು. ನಾಲ್ಕನೇ ಸಾಲಿನಿಂದ ಒಂದು ಹುಡುಗಿ ಎದ್ದು ನಿಂತು ಕೂಗಿದಳು.

"ಅಪ್ಪಾ! ಇದು ನಮ್ ವಾತ್ತು ಅಲ್ಲ!"

ವಾತ್ತು ಎಂದರೆ ತಮಿಳಿನಲ್ಲಿ ಬಾತುಕೋಳಿ. ಎಂಟು ವರ್ಷದ ಹುಡುಗಿ. ಅಳುತ್ತಿದ್ದಳು, ಸುಳ್ಳು ಅಳುವಲ್ಲ. ಇಂಟರ್ವಲ್ಲಿನಲ್ಲಿ ಅವಳ ಅಪ್ಪನನ್ನು ಹಿಡಿದು ಕೇಳಿದೆ. ಜವಳಗಿರಿ ಹತ್ತಿರದ ಹಳ್ಳಿಯವರು. ಅವನು ಲಾರಿ ಫ್ಯಾಕ್ಟರಿಯ ಪೇಂಟ್ ಶಾಪಿನಲ್ಲಿ ಬಣ್ಣ ತಪಾಸಣೆ ಮಾಡುವವನು, ಶಿಫ್ಟಿನ ಅಂಗಿಯಲ್ಲೇ ಬಂದಿದ್ದ. ಜೊತೆಗೆ ಅವನ ತಾಯಿ. ಅಜ್ಜಿ ಥಿಯೇಟರಿಗೆ ಬಂದದ್ದೇ ಬಹಳ ವರ್ಷದ ಮೇಲೆ.

"ಏನಿಲ್ಲ ಮೇಡಂ, ಇವ್ಳು ಟಿವಿನಾಗೆ ತಮಿಳಲ್ಲೇ ನೋಡಿರೋದು. ಅದ್ರಲ್ಲಿ ಬಾತು ಸಂತೇಲಿ ಸೊಪ್ಪು ಮಾರೋ ಹೆಂಗ್ಸಿನ ತರ ಬೈತದೆ. ಇದು ನೋಡಿದ್ರೆ ನ್ಯೂಸ್ ಓದೋ ತರ ನೈಸಾಗಿ ಮಾತಾಡ್ತಾ ಐತೆ" ಎಂದ. "ನಂಗೇನೋ ಚೆನ್ನಾಗೈತೆ. ಆ ಹಳೇ ಟ್ರಕ್ಕು ಬಂತಲ್ಲ ಮೇಡಂ, ಅದ್ರ ಬಾನೆಟ್ ನೋಡಿದ್ರಾ? ಕಿತ್ತಳೆ ಸಿಪ್ಪೆ ತರ ಸಣ್ಣ ಸಣ್ಣ ಗುಂಡಿ. ಕೆಟ್ಟದಾಗಿ ಬಣ್ಣ ಹೊಡುದ್ರೆ ಹಂಗೇ ಬರೋದು. ನಾವು ಅದ್ನ ಹುಡುಕ್ಕೊಂಡು ದಿನಾ ಸಾಯ್ತೀವಿ, ಯಾರೋ ಕೂತ್ಕಂಡು ಬೇಕೂಂತ್ಲೇ ಬರ್ದವ್ನೆ!"

ಈ ಸಿನಿಮಾಗಳನ್ನು ಮಾಡುವವರ ಬಗ್ಗೆ ನಾನು ಕೇಳಿದ ಅತ್ಯುತ್ತಮ ಹೊಗಳಿಕೆ ಅದು. ಅಜ್ಜಿಗೂ ಖುಷಿಯಾಗಿತ್ತು. "ಕೂದ್ಲೆಮ್ಮೆ ಕರ ಏನ್ ಚೆಂದ ಮಾತಾಡ್ತದವ್ವ, ಎಲ್ಲಾ ಅರ್ಥಾಯ್ತದೆ" ಎಂದಳು. ಹುಡುಗಿ ಮಾತ್ರ ನನ್ನ ಮುಖ ನೋಡಲಿಲ್ಲ.

ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಮನೆಯಲ್ಲಿ ಕನ್ನಡ ಆಡುತ್ತಾ ಬೆಳೆದವಳು ನಾನು, ಓದಿದ್ದು ತಮಿಳಿನಲ್ಲಿ. ಇವತ್ತಿಗೂ ಸೀಟು ಎಣಿಸುವಾಗ ಬಾಯಲ್ಲಿ ಬರುವುದು ತಮಿಳಿನ ಮಗ್ಗಿ. ಅದನ್ನು ಕನ್ನಡದಲ್ಲಿ ಹೇಳು ಎಂದರೆ ತಡವರಿಸುತ್ತೇನೆ. ಯಾವುದು ಯಾವ ಮಾತಿನಲ್ಲಿ ಮೊದಲು ಸಿಕ್ಕಿತೋ ಅದು ಅದರಲ್ಲೇ ಉಳಿಯುತ್ತದೆ ಎಂದು ನನಗೆ ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ಮಕ್ಕಳಿಗೆ ಅಮ್ಮ ಕನ್ನಡ, ಬಾತುಕೋಳಿ ತಮಿಳು. ಅಭಿಮಾನದ ಭರದಲ್ಲಿ ಅವರ ಗೆಳತಿಯನ್ನೇ ಬದಲಾಯಿಸಿಬಿಟ್ಟಿದ್ದೆ.

ಹುಡುಗಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಹೇಳಿದೆ: "ಭಾನುವಾರ ಬಾ ಕಣಮ್ಮಿ. ನಿನ್ ವಾತ್ತುನೇ ಕರ್ಕಂಬತ್ತೀನಿ. ಟಿಕೆಟ್ ನಂದು."

"ಗ್ಯಾರಂಟೀನಾ?" ಎಂದಳು.

"ಗ್ಯಾರಂಟಿ."

ಈಗ ಸಿನಿಮಾ ರೀಲಿನಲ್ಲಿ ಬರುವುದಿಲ್ಲ. ಒಂದು ಡಿಸ್ಕಿನಲ್ಲಿ ಎಲ್ಲ ಭಾಷೆಗಳೂ ಒಟ್ಟಿಗೆ ಬರುತ್ತವೆ, ಎಲ್ಲಕ್ಕೂ ಬೀಗ ಹಾಕಿರುತ್ತದೆ. ಬೀಗದ ಕೀಲಿ ಮೇಲ್‌ನಲ್ಲಿ ಬರುತ್ತದೆ. ಒಂದು ಕೀಲಿ ಒಂದು ಭಾಷೆಯನ್ನಷ್ಟೇ ತೆಗೆಯುತ್ತದೆ, ಒಂದೇ ಯಂತ್ರದಲ್ಲಿ, ಇಂಥ ದಿನದ ಇಂಥ ಗಂಟೆಯಿಂದ ಇಂಥ ಗಂಟೆವರೆಗೆ. ಕನ್ನಡದ ಕೀಲಿ ಕೊಡುವುದು ಬೆಂಗಳೂರಿನ ಕಚೇರಿ, ತಮಿಳಿನದು ಚೆನ್ನೈ. ಅವತ್ತೇ ಸಂಜೆ ಚೆನ್ನೈಗೆ ಬರೆದೆ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಕೀಲಿ ಬಂತು. ಇಂದಿನಿಂದ ತಮಿಳಿನಲ್ಲಿ ಎಂದು ಬೋರ್ಡು ಬರೆದು ಹೊರಗಿಟ್ಟೆ. ಹನ್ನೊಂದರ ಆಟಕ್ಕೆ ಅರ್ಧ ಹಾಲು ತುಂಬಿತು.

ಆಪರೇಟರ್ ಕೀಲಿಯನ್ನು ಹಾಕಿದರು. ಪರದೆಯ ಮೇಲೆ ಸಿನಿಮಾ ಬರುವ ಬದಲು ಅವರ ಕಂಪ್ಯೂಟರಿನಲ್ಲಿ ಕೆಂಪು ಅಕ್ಷರ ಬಂತು.

"ಕೀಲಿ ನಮ್ ಮಿಷನ್‌ದಲ್ಲಮ್ಮ" ಎಂದರು.

ಹಿಂದಿನ ತಿಂಗಳು ಪ್ರೊಜೆಕ್ಟರಿನ ಒಂದು ಮುಖ್ಯ ಭಾಗ ಕೆಟ್ಟು ಹೊಸದು ಹಾಕಿಸಿದ್ದೆವು. ಅದರ ಜೊತೆ ಯಂತ್ರದ ನಂಬರೂ ಬದಲಾಗುತ್ತದೆ. ಹೊಸ ನಂಬರನ್ನು ಬೆಂಗಳೂರಿಗೆ ಕಳಿಸಿದ್ದೆ, ಕನ್ನಡ ತರಿಸುವ ಹುಮ್ಮಸ್ಸಿನಲ್ಲಿ ಚೆನ್ನೈಗೆ ಕಳಿಸುವುದನ್ನು ಮರೆತಿದ್ದೆ. ಚೆನ್ನೈಯವರು ಪಾಪ ಹಳೆಯ ಯಂತ್ರಕ್ಕೆ ಕೀಲಿ ಮಾಡಿ ಕೊಟ್ಟಿದ್ದರು. ತಪ್ಪು ಪೂರ್ತಿ ನನ್ನದು.

ಫೋನಿನಲ್ಲಿ ಅವರು ಮಧ್ಯಾಹ್ನದೊಳಗೆ ಕೊಡುತ್ತೇವೆ ಎಂದರು. ಹಾಲಿನ ಮುಂದೆ ನಿಂತು ಇದ್ದದ್ದು ಇದ್ದ ಹಾಗೆ ಹೇಳಿದೆ. ಬೇಕಾದವರಿಗೆ ದುಡ್ಡು ವಾಪಸು, ಬೇಕಾದವರು ಮೂರೂಕಾಲಿಗೆ ಬನ್ನಿ, ಅಲ್ಲಿಯವರೆಗೆ ಮಕ್ಕಳನ್ನು ಪ್ರೊಜೆಕ್ಟರ್ ರೂಮಿಗೆ ಕಳಿಸಿ ಎಂದೆ. ಆಪರೇಟರ್ ಮೊದಲು ಗೊಣಗಿದರು. ಆಮೇಲೆ ಆರಾರು ಮಕ್ಕಳನ್ನು ಒಳಗೆ ಬಿಟ್ಟುಕೊಂಡು ಡಿಸ್ಕು ತೋರಿಸಿ, ಕೂದಲೆಮ್ಮೆ ಕರು ಇದರೊಳಗೆ ಮಲಗಿದೆ, ಕೀಲಿ ಬರುವವರೆಗೆ ಏಳುವುದಿಲ್ಲ ಎಂದು ಮೂರು ಭಾಷೆಯಲ್ಲೂ ಹೇಳುತ್ತಿದ್ದರು. ಒಂದು ಮಗು ಡಿಸ್ಕಿಗೆ ಕಿವಿ ಇಟ್ಟು ಕೇಳಿತು.

ಒಂದೂಮುಕ್ಕಾಲಿಗೆ ಸರಿಯಾದ ಕೀಲಿ ಬಂತು. ಮೂರೂಕಾಲಿಗೆ ತಮಿಳಿನ ಬಾತುಕೋಳಿ ಬಾಯಿ ತೆರೆದು ಮೊದಲ ಬೈಗುಳ ಬೈದಾಗ ಮಕ್ಕಳು ಕೂಗಿದ ಕೂಗಿಗೆ ದೊಡ್ಡ ಹಾಲಿನ ಗೇಟಿನವನು ಓಡಿ ಬಂದು ಏನಾಯಿತು ಎಂದು ಕೇಳಿದ. ಗೆದ್ದೆ ಎಂದುಕೊಂಡೆ.

ಭಾನುವಾರ ಹುಡುಗಿ ಅಪ್ಪ, ಅಜ್ಜಿಯ ಜೊತೆ ಬಂದಳು. ಹಾಲು ಮುಕ್ಕಾಲು ತುಂಬಿತ್ತು. ಆದರೆ ಈಗ ಇನ್ನೊಂದು ತೊಂದರೆ. ಹಳ್ಳಿಯಿಂದ ಬಂದ ಅಜ್ಜಿಯರಿಗೆ, ಕರ್ನಾಟಕ, ಆಂಧ್ರದ ಕಡೆಯಿಂದ ಹೊಸದಾಗಿ ಬಂದ ತಾಯಂದಿರಿಗೆ ತಮಿಳಿನ ಬೈಗುಳದ ಓಟ ಹಿಡಿಯಲು ಆಗುತ್ತಿರಲಿಲ್ಲ. ಮಕ್ಕಳು ಪಕ್ಕದಲ್ಲಿ ಕೂತು ಕನ್ನಡದಲ್ಲಿ, ತೆಲುಗಿನಲ್ಲಿ ಹೇಳುತ್ತಿದ್ದರು. ಅಲ್ಲೊಬ್ಬರು, ಇಲ್ಲೊಬ್ಬರು, ಹಾಲಿನ ತುಂಬ ಗುಜುಗುಜು. ಹಿಂದಿನ ಸಾಲಿನ ಒಬ್ಬ ಸಾಹೇಬರು ಎದ್ದು ಬಂದು ನನ್ನ ಮೇಲೆ ರೇಗಿದರು. ಇದು ಥಿಯೇಟರಾ, ಸಂತೆಯಾ ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ನಾನು ಟಾರ್ಚು ಹಿಡಿದು ಸಾಲು ಸಾಲಾಗಿ ಹೋಗಿ ಸುಮ್ಮನಿರಿಸಿದೆ. ನಾಲ್ಕನೇ ಸಾಲಿನಲ್ಲಿ ಅತಿ ಜೋರಾಗಿ ಹೇಳುತ್ತಿದ್ದವಳು ನಮ್ಮ ಹುಡುಗಿಯೇ. ಅವಳ ಮುಖಕ್ಕೆ ಟಾರ್ಚು ಬಿಟ್ಟು ಬೆರಳು ತುಟಿಗಿಟ್ಟೆ. ತಕ್ಷಣ ಬಾಯಿ ಮುಚ್ಚಿದಳು.

ಹತ್ತು ನಿಮಿಷದ ಮೇಲೆ ನೋಡಿದರೆ ಅಜ್ಜಿ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಹುಡುಗಿ. ಒಳಗೆ ಸಿನಿಮಾ ಓಡುತ್ತಿತ್ತು.

"ಯಾಕಜ್ಜಿ, ಹೊರಗ್ ಬಂದ್ಬುಟ್ರಿ?"

"ನಂಗೇನ್ ತಿಳೀತದೆ ತಾಯಿ. ಇವ್ಳು ಹೇಳ್ತಿದ್ಲು, ನಾನ್ ಕೇಳ್ತಿದ್ದೆ. ನೀನು ಬಾಯ್ ಮುಚ್ಚಿಸ್ಬುಟ್ಟೆ" ಎಂದಳು ಅಜ್ಜಿ. ದೂರುವ ದನಿಯಲ್ಲಿ ಅಲ್ಲ, ಆದದ್ದನ್ನು ಹೇಳಿದಳು ಅಷ್ಟೇ.

"ನೀನು ಹೋಗ್ ನೋಡೆ, ನಿನ್ ವಾತ್ತು ಬಂದೈತಲ್ಲ" ಎಂದೆ ಹುಡುಗಿಗೆ.

"ಅಜ್ಜಿ ಇಲ್ದೆ ಹೆಂಗ್ ನೋಡ್ಲಿ?" ಎಂದು ನನ್ನ ಕಡೆ ದುರುಗುಟ್ಟಿದಳು.

ನಾಚಿಕೆಯಾಯಿತು. ಕನ್ನಡದಲ್ಲಿ ಹಾಕಿದಾಗ ಮೊಮ್ಮಗಳು ಅತ್ತಳು, ತಮಿಳಿನಲ್ಲಿ ಹಾಕಿದಾಗ ಅಜ್ಜಿ ಎದ್ದು ಬಂದಳು. ಒಂದು ಮಗುವಿನ ಹಿಂದೆ ಮೂರು ಜನ ಬರುತ್ತಾರೆ ಎಂದು ಯಜಮಾನರಿಗೆ ಜಂಬ ಕೊಚ್ಚಿದವಳು ನಾನೇ. ಆ ಮೂವರನ್ನು ಒಳಗೆ ಕೂರಿಸಿಕೊಳ್ಳಲು ಬರಲಿಲ್ಲವಲ್ಲ.

ಆ ಸಂಜೆ ಆಪರೇಟರ್, ಒಂದು ಆಟ ಕನ್ನಡ, ಒಂದು ಆಟ ತಮಿಳು ಹಾಕೋಣ ಎಂದರು. ಬೇಡ ಎಂದೆ. ಅಜ್ಜಿ ಒಂದು ಆಟಕ್ಕೆ, ಮೊಮ್ಮಗಳು ಇನ್ನೊಂದಕ್ಕೆ ಬರುತ್ತಾರಾ? ಬೇರೆ ಬೇರೆ ನೋಡುವುದಕ್ಕಾದರೆ ಮನೆಯಲ್ಲಿ ಟಿವಿ ಇದೆ, ಎಲ್ಲರ ಕೈಯಲ್ಲೂ ಮೊಬೈಲಿದೆ. ಥಿಯೇಟರಿಗೆ ಬರುವುದೇ ಒಟ್ಟಿಗೆ ಕೂರುವುದಕ್ಕೆ. ಮಕ್ಕಳು ಮಾತಾಡುವುದನ್ನು ನಿಲ್ಲಿಸುವುದು ಬಿಟ್ಟು, ಮಾತಾಡುವುದಕ್ಕೇ ಒಂದು ಆಟ ಇಟ್ಟರೆ ಏನಾಗುತ್ತದೆ ಎಂದು ಅವರನ್ನೇ ಕೇಳಿದೆ. ಅವರು, "ಸೌಂಡ್ ನಾನ್ ನೋಡ್ಕೋತೀನಿ" ಎಂದರು.

ಸೋಮವಾರ ಬೆಳಿಗ್ಗೆ ಬೋರ್ಡು ಬರೆದೆ, ಮೂರು ಲಿಪಿಯಲ್ಲೂ. ಮೂರೂಕಾಲರ ಆಟದಲ್ಲಿ ಮಕ್ಕಳು ದೊಡ್ಡವರಿಗೆ ಕಥೆ ಹೇಳಬಹುದು. ಸದ್ದು ಬೇಡದವರು ಬೇರೆ ಆಟಕ್ಕೆ ಬನ್ನಿ.

ಯಜಮಾನರು ಬೋರ್ಡು ಓದಿ ಒಳಗೆ ಬಂದರು. "ಮಾತಾಡಾಕೆ ಟಿಕೆಟ್ಟಾ? ನಿಂಗೇನ್ ತಲೆ ಕೆಟ್ಟೈತಾ?"

"ಇನ್ನೇಳ್ ದಿನ ನಂದೇ ಅಲ್ವಾ ಸಾರ್ ಹಾಲು?"

"ನಿಂದೇ. ಆಮೇಲೆ ಸೀಟು ಬಿಚ್ಚಿಸೋದೂ ನೀನೇ" ಎಂದು ಹೋದರು.

ಮೊದಲ ದಿನ ಅದು ನಿಜಕ್ಕೂ ಸಂತೆಯೇ ಆಯಿತು. ಸದ್ದನ್ನು ನಾವು ತೀರ ತಗ್ಗಿಸಿದ್ದೆವು. ಬಾತುಕೋಳಿಯ ಮಾತು ಕೇಳಿಸದೆ ಮಕ್ಕಳು ಒಬ್ಬರನ್ನೊಬ್ಬರು ಏನಂತೆ, ಏನಂತೆ ಎಂದು ಕೇಳುತ್ತಿದ್ದರು. ಕನ್ನಡ ಹೇಳುವವಳ ಕಿವಿಗೆ ತೆಲುಗು ಬಿದ್ದು, ಅವಳು ಅರ್ಧ ತೆಲುಗಿನಲ್ಲಿ ಹೇಳಿ ಅವಳ ತಾಯಿ ಕಕ್ಕಾಬಿಕ್ಕಿಯಾದಳು. ಮಂಗಳವಾರ ಸರಿ ಮಾಡಿದೆವು. ಆಪರೇಟರ್ ಸುತ್ತಲ ಗೋಡೆಯ ಸ್ಪೀಕರುಗಳನ್ನು, ಅಂದರೆ ಸಂಗೀತ, ಗಾಳಿ, ಗುಡುಗು ಬರುವವನ್ನು ಮಾತ್ರ ತಗ್ಗಿಸಿ, ಪರದೆಯ ಹಿಂದಿನ ಮಾತಿನ ಸ್ಪೀಕರನ್ನು ಮೊದಲಿನ ಮಟ್ಟಕ್ಕೇ ತಂದರು. ಮೆಟ್ಟಿಲ ದೀಪಗಳ ಜೊತೆ ಹಾಲಿನ ದೀಪವನ್ನೂ ಸ್ವಲ್ಪ ಉಳಿಸಿದೆವು. ಹೇಳುವವರ ಮುಖ ಕಂಡರೆ ಕೂಗಬೇಕಾಗಿಲ್ಲ. ನಾನು ಟಿಕೆಟ್ ಕಿಟಕಿಯಲ್ಲಿ ಹೊಸ ಪ್ರಶ್ನೆ ಶುರು ಮಾಡಿದೆ: ಮನೇಲಿ ಯಾವ ಭಾಷೇಲಿ ಕಥೆ ಕೇಳ್ತಾರೆ? ಕನ್ನಡದವರಿಗೆ ಎಡಗಡೆ, ತೆಲುಗಿನವರಿಗೆ ಬಲಗಡೆ, ಹೇಳಿಸಿಕೊಳ್ಳುವ ಅಗತ್ಯವಿಲ್ಲದವರಿಗೆ ನಡುವೆ.

ಬುಧವಾರದ ಹೊತ್ತಿಗೆ ನನಗೇ ಗೊತ್ತಿಲ್ಲದ ಏರ್ಪಾಡುಗಳು ತಾವಾಗಿಯೇ ಆದವು. ಚೆನ್ನಾಗಿ ಹೇಳುವ ಮಗುವಿನ ಹಿಂದೆ ಮುಂದೆ ಸೀಟು ಹಿಡಿಯಲು ಹೆಂಗಸರು ಬೇಗ ಬರತೊಡಗಿದರು. ಮನೆಯಲ್ಲಿ ಮಕ್ಕಳಿಲ್ಲದ ಒಬ್ಬ ಹೂವಿನ ಅಂಗಡಿಯಾಕೆ ಬಂದು, ನನ್ನನ್ನೂ ಯಾರಾದರೂ ಮಗುವಿನ ಪಕ್ಕ ಕೂರಿಸು ಎಂದಳು. ಮಕ್ಕಳು ಇದ್ದದ್ದನ್ನಷ್ಟೇ ಹೇಳುತ್ತಿರಲಿಲ್ಲ, ಹೊಸ ಬೈಗುಳಗಳನ್ನೂ ಸೇರಿಸುತ್ತಿದ್ದರು. ತಮಿಳಿನ ಬಾತುಕೋಳಿ ಒಂದು ಬೈದರೆ ಎಡಗಡೆ ಎರಡು ಹುಟ್ಟುತ್ತಿದ್ದವು, ಮತ್ತು ಮೊದಲು ನಡುವೆ, ಆಮೇಲೆ ಎಡಕ್ಕೆ ಬಲಕ್ಕೆ, ನಗೆ ಮೂರು ಸಲ ಏಳುತ್ತಿತ್ತು. ಒಂದೇ ಮಗು ನಾಲ್ಕು ಸಲ ಬಂದದ್ದುಂಟು. ಮುಂದೇನಾಗುತ್ತದೆಂದು ಗೊತ್ತಿದ್ದವರೇ ಹೇಳಲು ಲಾಯಕ್ಕು. ಗೊತ್ತಿರುವುದನ್ನು ಗೊತ್ತಿಲ್ಲದವರ ಪಕ್ಕ ಕೂತು ನೋಡುವುದರ ಸುಖವೇ ಬೇರೆ. ಎರಡನೇ ಭಾಗ, ಮೂರನೇ ಭಾಗ ಎಂದು ಮಕ್ಕಳು ಯಾಕೆ ಸಾಯುತ್ತಾರೆ ಎಂಬುದು ನನಗೆ ಆ ವಾರ ಪೂರ್ತಿ ಅರ್ಥವಾಯಿತು. ಶನಿವಾರ ಹಾಲು ತುಂಬಿತು. ಯಜಮಾನರು ಅವತ್ತು ಮಾವಿನ ತೋಟದ ಕೆಲಸವೆಂದು ಕೃಷ್ಣಗಿರಿಗೆ ಹೋಗಿದ್ದರು. ನಾನು ಫೋನು ಮಾಡಿ ಹೇಳಿದರೆ, "ನಾಳೆ ನಾನೇ ಬಂದು ನೋಡ್ತೀನಿ" ಎಂದರು. ನಂಬಿದ ಹಾಗೆ ಕಾಣಲಿಲ್ಲ.

ಕೊನೆಯ ಭಾನುವಾರ ಮೂರಕ್ಕೇ ಟಿಕೆಟ್ ಮುಗಿಯಿತು. ಪೇಂಟ್ ಶಾಪಿನವನು ಆ ವಾರ ಎರಡನೇ ಶಿಫ್ಟಿನಲ್ಲಿದ್ದ. ಅವನ ರಜೆಯ ದಿನವಾದ್ದರಿಂದ ಮೂವರೂ ಬರುತ್ತಾರೆಂದು ಎಡಗಡೆ ನಾಲ್ಕನೇ ಸಾಲಿನಲ್ಲಿ ಮೂರು ಸೀಟು ನಾನೇ ಕಾದಿರಿಸಿದ್ದೆ. ಬಂದರು. ಅಜ್ಜಿ ಬಾಗಿಲಲ್ಲೇ ನಿಂತಳು.

"ಮತ್ತೆ ಬಾಯ್ ಮುಚ್ಚಿಸ್ತೀಯಾ?"

"ಇಲ್ಲಜ್ಜಿ. ಇವತ್ ಟಾರ್ಚೇ ತಂದಿಲ್ಲ, ನೋಡ್ರಿ" ಎಂದು ಎರಡೂ ಕೈ ತೋರಿಸಿದೆ.

ಹುಡುಗಿ ಹೇಳುತ್ತಾ ಹೋದಳು. ಚೆನ್ನಾಗಿ ಹೇಳುತ್ತಿದ್ದಳು. ಇಂಟರ್ವಲ್ಲಿನ ಹೊತ್ತಿಗೆ ಹಿಂದಿನ ಎರಡು ಸಾಲಿನವರು ಅವಳ ಕಡೆಗೇ ಬಾಗಿದ್ದರು. ಯಜಮಾನರು ಇಂಟರ್ವಲ್ ಮುಗಿದ ಮೇಲೆ ಬಂದರು. ಕೂರಲು ಜಾಗ ಇರಲಿಲ್ಲ. ಬಾಗಿಲ ಬಳಿ ನನ್ನ ಪಕ್ಕ ನಿಂತು, "ಏನಮ್ಮ ಇದು, ಎಲ್ರೂ ಮಾತಾಡ್ತಾವ್ರೆ" ಎಂದರು. ಅವರೂ ಜೋರಾಗಿಯೇ ಮಾತಾಡುತ್ತಿದ್ದರು.

ಕೊನೆಯ ಭಾಗದಲ್ಲಿ ಕರು ಕಣಿವೆಯ ಆಚೆ ಸಿಕ್ಕಿಕೊಳ್ಳುತ್ತದೆ. ಸೇತುವೆ ಮುರಿದಿದೆ. ಈಚೆ ಬಾತುಕೋಳಿ ಒಂದೇ ಇದೆ. ಅದು ಬೈಯುವುದನ್ನು ನಿಲ್ಲಿಸುತ್ತದೆ. ಎರಡು ಭಾಗ ಸೇರಿ ಅದು ಬಾಯಿ ಮುಚ್ಚುವುದು ಇದೊಂದೇ ಸಲ. ಹಿಂದಕ್ಕೆ ಹೋಗುತ್ತದೆ, ಇನ್ನೂ ಹಿಂದಕ್ಕೆ ಹೋಗುತ್ತದೆ, ಓಡಿ ಬರುತ್ತದೆ.

"ಅಜ್ಜಿ, ಈಗ ಅದು..." ಎಂದು ಹುಡುಗಿ ಶುರು ಮಾಡಿದಳು.

ಅಜ್ಜಿ ಪರದೆಯಿಂದ ಕಣ್ಣು ತೆಗೆಯದೆ ಮೊಮ್ಮಗಳ ಬಾಯಿಯ ಮೇಲೆ ಮೆತ್ತಗೆ ಕೈ ಇಟ್ಟಳು.

"ಬಿಡವ್ವ. ನಂಗ್ ಕಾಣ್ತೈತೆ."

ಎಡಗಡೆ ಸುಮ್ಮನಾಯಿತು, ಬಲಗಡೆ ಸುಮ್ಮನಾಯಿತು. ನೂರಾ ಅರವತ್ತು ಜನ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಪರದೆಯ ಮೇಲೆ ಬಾತುಕೋಳಿಯ ಕಾಲು ನೆಲ ಬಿಟ್ಟಿತು. ಅಷ್ಟರಲ್ಲಿ ಯಜಮಾನರ ಜೇಬಿನಲ್ಲಿ ಫೋನು ಬಡಿದುಕೊಂಡಿತು. ನಾಲ್ಕನೇ ಸಾಲಿನಿಂದ ಹುಡುಗಿ ತಿರುಗಿ, ಬೆರಳು ತುಟಿಗಿಟ್ಟು, "ಶ್!" ಎಂದಳು. ಯಜಮಾನರು ತಬ್ಬಿಬ್ಬಾಗಿ ಫೋನನ್ನು ಎದೆಗೆ ಒತ್ತಿಕೊಂಡು ಹೊರಗೆ ಓಡಿದರು. ನಾನೂ ಹಿಂದೆಯೇ ಹೋದೆ. ಫೋನು ಮಂಚದ ಅಂಗಡಿಯವನದು. ನಾಳೆ ಬೆಳಿಗ್ಗೆ ಆಳುಗಳನ್ನು ಕಳಿಸಲಾ ಎಂದು ಕೇಳುತ್ತಿದ್ದ.

"ಇಲ್ಲ ಕಣಪ್ಪ" ಎಂದರು ಯಜಮಾನರು, ಗುಟ್ಟು ಹೇಳುವಷ್ಟು ಮೆಲ್ಲಗೆ. "ಹಾಲು ಖಾಲಿ ಇಲ್ಲ. ಜನ ಕೂತವ್ರೆ."

ಫೋನು ಆಫ್ ಮಾಡಿ, ನನ್ನ ಕಡೆ ನೋಡದೆ, ಬಾಗಿಲು ಸದ್ದಾಗದ ಹಾಗೆ ತಳ್ಳಿಕೊಂಡು ಮತ್ತೆ ಒಳಗೆ ಹೋದರು. ಜಿ ಸಾಲಿನ ಪಕ್ಕದ ಗೋಡೆಗೆ ಒರಗಿ ಕೊನೆಯವರೆಗೂ ನಿಂತು ನೋಡಿದರು. ದೀಪ ಹತ್ತಿತು. ಐದೂಕಾಲರ ಬಸ್ಸಿಗೆ ಜನ ದಡಬಡ ಓಡಿದರು. ಯಜಮಾನರು ಅವರ ನಡುವೆ ದಾರಿ ಮಾಡಿಕೊಂಡು ಹೋಗುವಾಗ ನೋಡಿದೆ, ಗೋಡೆಯ ಸೀಮೆಸುಣ್ಣದ ಗೆರೆ ಅರ್ಧಕ್ಕರ್ಧ ಅಳಿಸಿತ್ತು. ಅವರ ಅಂಗಿಯ ಬೆನ್ನಿನ ಮೇಲೆ ಬೆಳ್ಳಗೆ ಅಂಟಿಕೊಂಡಿತ್ತು.